ಕೆಂಪು ಪೆಟ್ಟಿಗೆಯಲ್ಲಿ ಐದೂವರೆಯಿಂದ ಆರು

ಕತಾರಿನ ಮುಐದರ್ ಬಡಾವಣೆಯ ಆ ವಿಲ್ಲಾದಲ್ಲಿ ಗುಟ್ಟು ಎಂಬ ಪದಾರ್ಥ ಹೆಚ್ಚು ಹೊತ್ತು ಬದುಕುತ್ತಿರಲಿಲ್ಲ. ಒಂದೇ ಕುಟುಂಬಕ್ಕೆಂದು ಕಟ್ಟಿದ ಮನೆಯನ್ನು ಜಿಪ್ಸಮ್ ಹಲಗೆ ಹೊಡೆದು ಏಳು ಭಾಗ ಮಾಡಿ, ಏಳು ಬಾಡಿಗೆದಾರರಿಗೆ ಕೊಟ್ಟಿದ್ದರು. ಆ ಹಲಗೆಗಳು ಕಣ್ಣಿಗೆ ಮಾತ್ರ ಗೋಡೆ, ಕಿವಿಗಲ್ಲ. ಮೂರನೇ ಭಾಗದಲ್ಲಿ ಎಲೆಕ್ಟ್ರಿಶಿಯನ್ ರೆಮಿಜಿಯಸ್ ಸೀನಿದರೆ ಆರನೇ ಭಾಗದಿಂದ ಶರ್ಮಿಳಾ ಕಷಾಯ ಬೇಕಾ ಎಂದು ಕೇಳುತ್ತಿದ್ದಳು. ಶರ್ಮಿಳಾಗೂ ಅವಳ ಗಂಡ ಅಕ್ಷಿತನಿಗೂ ಜಗಳವಾದರೆ, ತಪ್ಪು ಯಾರದೆಂದು ಉಳಿದವರು ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಪು ಕೊಡುತ್ತಿದ್ದರು.

ಇಂಥ ಮನೆಯ ಅಂಗಳದಲ್ಲಿ, ಖರ್ಜೂರದ ಮರದ ಪಕ್ಕ, ಒಂದು ಕೆಂಪು ಟೆಲಿಫೋನ್ ಪೆಟ್ಟಿಗೆ ನಿಂತಿತ್ತು. ಇಂಗ್ಲೆಂಡಿನ ಬೀದಿಗಳ ಚಿತ್ರದಲ್ಲಿ ಕಾಣುವಂಥದ್ದೇ. ಎರಕದ ಕಬ್ಬಿಣ, ಸಣ್ಣ ಸಣ್ಣ ಗಾಜಿನ ಚೌಕಗಳು, ನೆತ್ತಿಯ ಮೇಲೆ ಕಿರೀಟದ ಉಬ್ಬು. ಹಿಂದೆ ಇಡೀ ವಿಲ್ಲಾದಲ್ಲಿ ಒಬ್ಬನೇ ಇದ್ದ ಇಂಗ್ಲಿಷ್ ಇಂಜಿನಿಯರ್ ತನ್ನ ಊರಿನ ನೆನಪಿಗೆಂದು ಅದನ್ನು ಹರಾಜಿನಲ್ಲಿ ಕೊಂಡು ಹಡಗಿನಲ್ಲಿ ತರಿಸಿದ್ದನಂತೆ. ಹೋಗುವಾಗ ಬೆಕ್ಕನ್ನು ಒಯ್ದ, ಪೆಟ್ಟಿಗೆಯನ್ನು ಬಿಟ್ಟುಹೋದ. ಒಳಗಿನ ಫೋನು ಯಾವತ್ತೋ ಮಾಯವಾಗಿತ್ತು. ಆದರೆ ಬಾಗಿಲು ಎಳೆದುಕೊಂಡರೆ ಹೊರಗಿನವರಿಗೆ ತುಟಿ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಹಾಗಾಗಿ ವಿಲ್ಲಾದವರೆಲ್ಲ ತಮ್ಮ ತಮ್ಮ ಮೊಬೈಲು ಹಿಡಿದು, ಊರಿಗೆ ಮಾತಾಡಲು ಅದರೊಳಗೆ ಹೋಗುತ್ತಿದ್ದರು. ಬಾಗಿಲ ಮುಂದೆ ಚಪ್ಪಲಿ ಬಿಟ್ಟರೆ ಸರದಿ ಹಿಡಿದಂತೆ. ಶರ್ಮಿಳಾ ಅತ್ತೆಯ ಮೇಲಿನ ದೂರನ್ನು ತನ್ನ ತಾಯಿಗೆ ಒಪ್ಪಿಸುತ್ತಿದ್ದದ್ದು ಅಲ್ಲಿ. ಅಕ್ಷಿತ್ ಶರ್ಮಿಳಾಳ ಮೇಲಿನ ದೂರನ್ನು ಅದೇ ಅತ್ತೆಗೆ ಒಪ್ಪಿಸುತ್ತಿದ್ದದ್ದೂ ಅಲ್ಲಿಯೇ.

ಸಂಜೆ ಐದೂವರೆಯಿಂದ ಆರು ತಾರಾನಾಥರ ಹೊತ್ತು. ಐವತ್ತೆರಡು ವರ್ಷದ ತಾರಾನಾಥರು ಕಿನ್ನಿಗೋಳಿ ಕಡೆಯವರು. ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್; ಅಂದರೆ ಬರುವ ಹೋಗುವ ಪ್ರತಿ ಕಾಗದಕ್ಕೂ ನಂಬರು ಕೊಟ್ಟು, ಮೊಹರು ಒತ್ತಿ, ಯಾವ ಕಡತದಲ್ಲಿ ಯಾವ ಕಾಗದ ಇದೆಯೆಂದು ನೆನಪಿಟ್ಟುಕೊಳ್ಳುವವರು. ಹೆಂಡತಿ ಚೆನ್ನು ಮತ್ತು ಮಗಳು ಅನಿಶಾ ಊರಿನಲ್ಲಿ. ದಿನವೂ ಆಫೀಸಿನಿಂದ ಬಂದವರೇ ಮುಖ ತೊಳೆದು, ಪೆಟ್ಟಿಗೆಯೊಳಗೆ ಸೇರಿ, ಮೊಬೈಲನ್ನು ಕಿವಿಗೊತ್ತಿಕೊಂಡು ಅರ್ಧ ಗಂಟೆ ಎಡೆಬಿಡದೆ ಮಾತಾಡುತ್ತಿದ್ದರು. ಕೈ ಆಡಿಸುತ್ತಿದ್ದರು, ಕಣ್ಣು ಅರಳಿಸುತ್ತಿದ್ದರು. ಹೊರಬರುವಾಗ ಮುಖದಲ್ಲಿ ಎಂಥ ನೆಮ್ಮದಿ! ಹೆಂಡತಿಯ ಮೇಲೆ ಇಷ್ಟು ಜೀವ ಇಟ್ಟ ಗಂಡಸನ್ನು ತಾನು ನೋಡಿಯೇ ಇಲ್ಲವೆಂದು ಶರ್ಮಿಳಾ ದಿನಕ್ಕೆರಡು ಸಲ ಅಕ್ಷಿತನಿಗೆ ಕೇಳುವಂತೆ ಹೇಳುತ್ತಿದ್ದಳು. ಅಕ್ಷಿತನಿಗೆ ತಾರಾನಾಥರನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ನಿಜ ಸಂಗತಿ ಬೇರೆಯೇ ಇತ್ತು. ಆ ಅರ್ಧ ಗಂಟೆ ಫೋನಿನ ಆ ಕಡೆ ಯಾರೂ ಇರುತ್ತಿರಲಿಲ್ಲ. ತಾರಾನಾಥರು ನಂಬರನ್ನೇ ಒತ್ತುತ್ತಿರಲಿಲ್ಲ. ಹುಚ್ಚನೆಂದು ಯಾರೂ ತಿಳಿಯದಿರಲಿ ಎಂದು ಮೊಬೈಲನ್ನು ಕಿವಿಗೆ ಹಿಡಿದು, ತಮ್ಮ ಮ್ಯಾನೇಜರ್ ಗಿರಿಧರ್‌ನನ್ನು ಶುದ್ಧ ತುಳುವಿನಲ್ಲಿ ಬೈಯುತ್ತಿದ್ದರು.

ಗಿರಿಧರ್ ಬೆಂಗಳೂರಿನವನು, ತಾರಾನಾಥರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಕೆಟ್ಟವನೆಂದು ಹೇಳುವಂತಿಲ್ಲ, ಅದೇ ದೊಡ್ಡ ತೊಂದರೆ. ತಾರಾನಾಥರನ್ನು 'ತಾರಾ' ಎಂದು ಕರೆಯುತ್ತಿದ್ದ. ವಾರದ ರಜೆ ಶುರುವಾಗುವ ಗುರುವಾರ ಸರಿಯಾಗಿ ನಾಲ್ಕು ಗಂಟೆಗೆ 'ಒಂದು ಚಿಕ್ಕ ಕೆಲಸ' ಎಂದು ನೂರು ಹಾಳೆ ತಂದಿಡುತ್ತಿದ್ದ. ತಾನು ಕಳೆದ ನಕ್ಷೆಗಳನ್ನೆಲ್ಲ ಮೀಟಿಂಗಿನಲ್ಲಿ ತಾರಾನಾಥರ ಲೆಕ್ಕಕ್ಕೆ ಬರೆಸುತ್ತಿದ್ದ. ಇದಕ್ಕೆಲ್ಲ ತಾರಾನಾಥರು ಹನ್ನೊಂದು ವರ್ಷದಿಂದ ಕೊಡುತ್ತ ಬಂದ ಉತ್ತರ ಒಂದೇ: ಆಯ್ತು ಸಾರ್. ನುಂಗಿದ ಮಾತೆಲ್ಲ ಎಲ್ಲಿಗೆ ಹೋಗಬೇಕು? ಪೆಟ್ಟಿಗೆ ಇದ್ದುದರಿಂದ ಮನುಷ್ಯ ಬದುಕಿದ್ದರು. ಹೆಂಡತಿಗೆ ಅವರು ಫೋನು ಮಾಡುತ್ತಿದ್ದದ್ದು ಶುಕ್ರವಾರ ಊಟವಾದ ಮೇಲೆ, ಹನ್ನೆರಡು ನಿಮಿಷ. ಎಲ್ಲ ಚೆನ್ನಾಗಿದೆ ಎಂದು ಹೇಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದೂ ಇಲ್ಲ.

ನವೆಂಬರಿನಲ್ಲಿ ಒಂದು ದಿನ ಮಹಮೂದ್ ಬಂದ. ಮಹಮೂದ್ ಉಪ್ಪಿನಂಗಡಿ ಕಡೆಯ ಬ್ಯಾರಿ. ವಿಲ್ಲಾದ ಕತಾರಿ ಯಜಮಾನನ ಪರವಾಗಿ ಬಾಡಿಗೆ, ರಿಪೇರಿ, ತಕರಾರು ಎಲ್ಲ ನೋಡಿಕೊಳ್ಳುವವನು. ನೀರು ಸಾಲುತ್ತಿಲ್ಲವೆಂದು ನೀವೇ ಗೋಗರೆದಿರಲ್ಲ, ಇನ್ನೊಂದು ಟ್ಯಾಂಕ್ ಬರುತ್ತದೆ, ಅದಕ್ಕೆ ಈ ಜಾಗ ಬೇಕು, ಮುಂದಿನ ಗುರುವಾರ ಪೆಟ್ಟಿಗೆ ಗುಜರಿಗೆ, ಖಲಾಸ್ ಎಂದು ಹೇಳಿ ಹೋದ. ಎಲ್ಲರೂ ಛೇ ಅಂದರು. ತಾರಾನಾಥರು ಮಾತ್ರ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತುಬಿಟ್ಟರು. ಇನ್ನು ಮೇಲೆ ಆ ಮಾತುಗಳೆಲ್ಲ ಎಲ್ಲಿ ಉದುರುತ್ತವೆ? ಒಂದು ದಿನ ಮೀಟಿಂಗಿನಲ್ಲೇ ಬಾಯಿ ಜಾರಿದರೆ ನೌಕರಿಗೆ ಎಳ್ಳುನೀರು. ಅವರಿಗೆ ನಿಜವಾಗಿ ಭಯವಾಯಿತು.

ಮರುದಿನ ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಕೆಂಪು ಪೆಟ್ಟಿಗೆಗಳ ಬಗ್ಗೆ ಹುಡುಕುತ್ತ ಕುಳಿತವರಿಗೆ ಒಂದು ಸುದ್ದಿ ಕಣ್ಣಿಗೆ ಬಿತ್ತು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಇಂಥದೇ ಒಂದು ಪೆಟ್ಟಿಗೆಯನ್ನು ಪಾರಂಪರಿಕ ವಸ್ತು ಎಂದು ಘೋಷಿಸಿದ್ದಾರೆ. ಅದನ್ನು ಕೀಳುವಂತಿಲ್ಲ, ಸರಿಸುವಂತಿಲ್ಲ, ಬಣ್ಣ ಕೂಡ ಬದಲಿಸುವಂತಿಲ್ಲ. ತಾರಾನಾಥರು ಎರಡು ಸಲ ಓದಿದರು. ಆಮೇಲೆ ಸುತ್ತಮುತ್ತ ನೋಡಿ ಒಂದು ಹೊಸ ಹಾಳೆ ತೆರೆದರು.

ಹನ್ನೊಂದು ವರ್ಷದ ಅನುಭವದಲ್ಲಿ ಅವರು ಕಲಿತ ಸತ್ಯ ಇದು: ಮನುಷ್ಯರು ಕಾಗದವನ್ನು ಓದುವುದಿಲ್ಲ, ಅದರ ನಂಬರನ್ನು ನೋಡುತ್ತಾರೆ. 'ಪಾರಂಪರಿಕ ವಸ್ತು. ಲಿಖಿತ ಅನುಮತಿಯಿಲ್ಲದೆ ಕದಲಿಸತಕ್ಕದ್ದಲ್ಲ. ಉಲ್ಲೇಖ: ಟಿ.ಬಿ.–ಹೆಚ್.ಇ.ಆರ್.–0001, ಪರಿಷ್ಕರಣೆ 0' ಎಂದು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಟೈಪಿಸಿದರು. ಯಾವ ಇಲಾಖೆಯ ಹೆಸರನ್ನೂ ಹಾಕಲಿಲ್ಲ. ಸುಳ್ಳು ಮೊಹರು ಒತ್ತಲು ಅವರ ವೃತ್ತಿಧರ್ಮ ಒಪ್ಪಲಿಲ್ಲ. ಪ್ರತಿದಿನ ಒತ್ತುವ 'ನಿಯಂತ್ರಿತ ಪ್ರತಿ' ಎಂಬ ಕೆಂಪು ಮೊಹರನ್ನೇ ಮೂಲೆಯಲ್ಲಿ ಒತ್ತಿ, ಲ್ಯಾಮಿನೇಟ್ ಮಾಡಿ, ಬೆಳಗಿನ ಜಾವ ಯಾರೂ ಏಳುವ ಮುಂಚೆ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದರು.

ಗುರುವಾರ ಕ್ರೇನಿನ ಜೊತೆ ಬಂದ ಮಹಮೂದ್ ಅದನ್ನು ನೋಡಿ ಅಲ್ಲಿಯೇ ನಿಂತ. ನಂಬರನ್ನು ಬೆರಳಿಟ್ಟು ಓದಿದ. ಫೋಟೋ ತೆಗೆದು ಯಜಮಾನನಿಗೆ ಕಳಿಸಿದ. ಕ್ರೇನು ಬಂದ ದಾರಿಯಲ್ಲೇ ವಾಪಸು ಹೋಯಿತು. ಟ್ಯಾಂಕು ತಾರಸಿ ಹತ್ತಿತು. ತಾರಾನಾಥರು ಆ ಸಂಜೆ ಗಿರಿಧರ್‌ನನ್ನು ಹಬ್ಬ ಮಾಡಿದಷ್ಟು ಸಂತೋಷದಿಂದ ಬೈದರು.

ಸಂತೋಷ ಎರಡೇ ದಿನ. ಶನಿವಾರ ಯಜಮಾನ ತಾನೇ ಬಂದ. ಬಿಳಿ ದಿರಿಸು, ಕೈಯಲ್ಲಿ ಜಪಮಣಿ, ಬಹಳ ಮೃದುವಾದ ಮನುಷ್ಯ. ಅಲ್ ಶಮಾಲ್‌ನಲ್ಲಿ ತನ್ನ ಅಜ್ಜನ ಕಾಲದ ಮನೆಯೊಂದಿದೆ, ಅದೂ ಹೀಗೆಯೇ ಸಂರಕ್ಷಿತ, ಒಂದು ಕಲ್ಲು ಮುಟ್ಟಲಿಕ್ಕೂ ಬಿಡುವುದಿಲ್ಲ ಎಂದು ಅಭಿಮಾನದಿಂದ ಹೇಳಿದ. ಈಗ ಮುಐದರಿನಲ್ಲೂ ತನಗೊಂದು ಪರಂಪರೆ ಸಿಕ್ಕಿತೆಂದು ಪೆಟ್ಟಿಗೆಯ ಸುತ್ತ ಮೂರು ಸುತ್ತು ಬಂದ. ಮರುದಿನ ಪೆಟ್ಟಿಗೆಯ ನಾಲ್ಕೂ ಕಡೆ ಹಿತ್ತಾಳೆ ಕಂಬ, ಕೆಂಪು ಹಗ್ಗ, ಬಾಗಿಲಿಗೆ ಬೀಗ. ಯಾರೂ ಮುಟ್ಟುವಂತಿಲ್ಲ, ಅದು ಪಾರಂಪರಿಕ ಎಂದು ಮಹಮೂದ್ ತಾರಾನಾಥರಿಗೇ ಪಾಠ ಹೇಳಿದ.

ಒಂದು ವಾರ ತಾರಾನಾಥರು ಹಗ್ಗದ ಈಚೆ ನಿಂತು ಪೆಟ್ಟಿಗೆಯನ್ನು ನೋಡಿದರು. ಅನ್ನ ಸೇರಲಿಲ್ಲ. ಆಫೀಸಿನಲ್ಲಿ ಗಿರಿಧರ್ ನಗುನಗುತ್ತ 'ತಾರಾ' ಎಂದಾಗ ಬಾಯಿಗೆ ಬಂದ ಬೈಗುಳವನ್ನು ನೀರು ಕುಡಿದು ಒಳಗೆ ತಳ್ಳಿದರು. ಕಾಗದ ಮಾಡಿದ ಅನಾಹುತವನ್ನು ಕಾಗದವೇ ಸರಿಮಾಡಬೇಕೆಂದು ಎಂಟನೇ ದಿನ ಹೊಳೆಯಿತು. ಪರಿಷ್ಕರಣೆ 1 ತಯಾರಾಯಿತು: ಸದರಿ ವಸ್ತುವು ಬಳಕೆಯಲ್ಲಿ ಇದ್ದರೆ ಮಾತ್ರ ಅದರ ಪಾರಂಪರಿಕ ಮೌಲ್ಯ ಉಳಿಯುವುದು, ಆದ್ದರಿಂದ ದಿನಕ್ಕೆ ಕನಿಷ್ಠ ಆರು ಸಲ ಬಾಗಿಲು ತೆರೆದು, ಒಳಗೆ ಮನುಷ್ಯರು ದೂರವಾಣಿಯಲ್ಲಿ ಮಾತಾಡತಕ್ಕದ್ದು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಿಯಮ ಬರೆದು ಅದರ ಹಿಂದೆ ಒಂದು ಫಾರಂ ಲಗತ್ತಿಸದೆ ಬಿಡುವ ಡಾಕ್ಯುಮೆಂಟ್ ಕಂಟ್ರೋಲರ್ ಗಲ್ಫ್‌ನಲ್ಲಿ ಇನ್ನೂ ಹುಟ್ಟಿಲ್ಲ. ಕೈ ತನ್ನಷ್ಟಕ್ಕೆ ಹೋಯಿತು. ಲಗತ್ತು 'ಎ', ಬಳಕೆ ವಹಿ: ಹೆಸರು, ಒಳಹೋದ ಸಮಯ, ಹೊರಬಂದ ಸಮಯ, ಯಾರೊಡನೆ ಮಾತು, ಸಂಬಂಧ, ರುಜು. ಗೆರೆಗಳು ನೇರವಾಗಿ ಬಂದುವೆಂದು ಒಂದು ಕ್ಷಣ ಖುಷಿಯನ್ನೂ ಪಟ್ಟರು.

ಬೆಳಿಗ್ಗೆ ಬಾಗಿಲಲ್ಲಿ ಹೊಸ ಕಾಗದ ಕಂಡ ಮಹಮೂದ್‌ಗೆ ನಿಯಮಕ್ಕಿಂತ ಫಾರಂ ಹಿಡಿಸಿತು. ಬೀಗ ತೆಗೆದ, ಹಗ್ಗ ಬಿಚ್ಚಿದ, ವಹಿಯನ್ನು ದಾರ ಕಟ್ಟಿ ಒಳಗೆ ನೇತುಹಾಕಿದ. ಪ್ರತಿ ಗುರುವಾರ ಅದರ ಫೋಟೋ ತೆಗೆದು ಯಜಮಾನನಿಗೆ ಕಳಿಸತೊಡಗಿದ. ಮೊದಲ ದಿನ ತಾರಾನಾಥರು 'ಯಾರೊಡನೆ' ಎಂಬಲ್ಲಿಗೆ ಬಂದು ಪೆನ್ನು ಹಿಡಿದು ನಿಂತರು. ಯಾರೊಡನೆಯೂ ಇಲ್ಲ ಎಂದು ಬರೆಯಲಿಕ್ಕಾಗುತ್ತದೆಯೇ? ವಿಲ್ಲಾದವರೆಲ್ಲ ತಿಳಿದಿದ್ದನ್ನೇ ಬರೆದರು: ಚೆನ್ನು. ಸಂಬಂಧ: ಹೆಂಡತಿ. ರುಜು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಗುಂಡಗಿನ ಅಕ್ಷರದಲ್ಲಿ ಇಪ್ಪತ್ತಾರು ದಿನ.

ಇಪ್ಪತ್ತೇಳನೇ ದಿನ ಬುಧವಾರ. ಶರ್ಮಿಳಾಗೂ ಅಕ್ಷಿತನಿಗೂ ಬೆಳಿಗ್ಗೆ ಜಗಳವಾಗಿತ್ತು. ಗಂಡನಿಗೆ ಬುದ್ಧಿ ಬರಲೆಂದು ಶರ್ಮಿಳಾ ವಹಿಯ ಹಾಳೆಗಳ ಫೋಟೋ ತೆಗೆದು ಅವನಿಗೆ ಕಳಿಸಿದಳು. ಕಳಿಸಿದ ಕೈ ಅಲ್ಲಿಗೆ ಸುಮ್ಮನಿರಲಿಲ್ಲ. ಹಿಂದಿನ ರಜೆಯಲ್ಲಿ ಕಿನ್ನಿಗೋಳಿಗೆ ಹೋದಾಗ ಚೆನ್ನುವಿನ ಮನೆಯಲ್ಲಿ ನೀರುದೋಸೆ ತಿಂದಿದ್ದಳು, ನಂಬರೂ ಇತ್ತು. ನೀವು ಪುಣ್ಯವಂತೆ ಅಕ್ಕಾ, ದಿನಾ ಅರ್ಧ ಗಂಟೆ ಮಾತಾಡುವ ಗಂಡ ಯಾರಿಗೆ ಸಿಗ್ತಾರೆ ಎಂದು ಬರೆದು, ನಾಲ್ಕು ಹೃದಯದ ಚಿತ್ರ ಸೇರಿಸಿ ಅವಳಿಗೂ ಕಳಿಸಿದಳು.

ಐದೂ ಮೂವತ್ತೈದಕ್ಕೆ ತಾರಾನಾಥರು ಪೆಟ್ಟಿಗೆಯೊಳಗೆ ಗಿರಿಧರ್‌ನ ವಂಶವೃಕ್ಷದಲ್ಲಿ ಅವನ ಮುತ್ತಜ್ಜನವರೆಗೆ ಏರಿದ್ದರು. ಆಗ ಕಿವಿಗೊತ್ತಿದ್ದ ಫೋನು ಕಿವಿಯೊಳಗೇ ರಿಂಗಾಯಿತು. ಅವರು ಹಾರಿಬಿದ್ದು ತಲೆಯನ್ನು ಗಾಜಿಗೆ ಬಡಿಸಿಕೊಂಡರು. ತೆರೆಯ ಮೇಲೆ ಚೆನ್ನುವಿನ ಹೆಸರು. ಇವತ್ತು ಶುಕ್ರವಾರವಲ್ಲ.

"ಯಾರತ್ರ ಮಾತಾಡ್ತಾ ಇದ್ರಿ?" ಎಂದು ಚೆನ್ನು ಕೇಳಿದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ತಾರಾನಾಥರು ಹೆದರಿದರು.

"ಯಾರತ್ರವೂ ಇಲ್ಲ ಮಾರಾಯ್ತಿ."

"ಇಪ್ಪತ್ತಾರು ದಿನ ಹೆಂಡತಿ ಅಂತ ಬರ್ದು ರುಜು ಹಾಕಿದ್ದೀರಿ. ಆ ಹೆಂಡತಿ ನಾನಲ್ಲ. ಮತ್ತೆ ಯಾರು ಅದು?"

ಸ್ವಂತ ಕೈಬರಹ, ಸ್ವಂತ ರುಜು, ಸ್ವಂತ ಫಾರಂ. ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ತಾರಾನಾಥರು ತಮ್ಮ ವೃತ್ತಿಜೀವನದಲ್ಲೇ ತಯಾರಿಸಿರಲಿಲ್ಲ. ಬೇರೆ ದಾರಿ ಕಾಣದೆ ಇದ್ದದ್ದನ್ನು ಇದ್ದಹಾಗೆ ಹೇಳಿದರು: ಮ್ಯಾನೇಜರು, ಪೆಟ್ಟಿಗೆ, ನಂಬರು ಒತ್ತದ ಫೋನು, ಬೈಗುಳ. ಹೇಳುತ್ತ ಹೋದಂತೆ ಅದು ತಮಗೇ ಸುಳ್ಳಿನಂತೆ ಕೇಳಿಸಿತು.

"ನೀವು ಬೈಯುದಾ?" ಎಂದಳು ಚೆನ್ನು. "ಅಡುಗೆಮನೆಗೆ ಬಂದ ಇಲಿಗೆ 'ಹೋಗಿ' ಅಂತ ಮರ್ಯಾದೆ ಕೊಟ್ಟವರು ನೀವು. ಇಪ್ಪತ್ನಾಲ್ಕು ವರ್ಷದಲ್ಲಿ ನಿಮ್ಮ ಬಾಯಿಂದ ಒಂದು ದೊಡ್ಡ ಶಬ್ದ ನಾನು ಕೇಳ್ಳಿಲ್ಲ. ಸುಳ್ಳು ಹೇಳುದಾದ್ರೆ ಸ್ವಲ್ಪ ಸಮ ಉಂಟಾ ಅಂತ ನೋಡಿ ಹೇಳಿ."

ಅವಳು ಅಳುತ್ತಿದ್ದಾಳೆಂದು ಆಗ ಗೊತ್ತಾಯಿತು. ಬೈದು ತೋರಿಸಿ, ಈಗಲೇ, ಇಲ್ಲದಿದ್ದರೆ ನಾಳೆ ಅಣ್ಣನನ್ನು ಕರೆಸುತ್ತೇನೆ, ಅನಿಶಾಳಿಗೂ ಹೇಳುತ್ತೇನೆ ಎಂದಳು. ಬರಿಯ ಮಾತಿಗೆ ಅಣ್ಣನ ಹೆಸರೆತ್ತುವ ಹೆಂಗಸಲ್ಲ ಅವಳು. ಮದುವೆ ಎಂಬುದು ಮುರಿಯುವಾಗ ಹೀಗೂ ಮುರಿಯುತ್ತದೆ, ಖರ್ಜೂರದ ಮರದ ಪಕ್ಕ, ಕೆಂಪು ಪೆಟ್ಟಿಗೆಯೊಳಗೆ, ಐದೂ ನಲವತ್ತಕ್ಕೆ ಎಂದು ತಾರಾನಾಥರಿಗೆ ಅನ್ನಿಸಿತು. ಹೊರಗೆ ಶರ್ಮಿಳಾ ಬಟ್ಟೆ ಒಣಹಾಕುತ್ತ ಅವರನ್ನು ನೋಡಿ ಮುಗುಳ್ನಕ್ಕಳು.

ಅವರು ಗಂಟಲು ಸರಿಮಾಡಿಕೊಂಡರು. "ಗಿರಿಧರ್ ಅವರೇ, ನೀವು ಮಾಡಿದ್ದು ಅಷ್ಟು ಸರಿಯಾಗಲಿಲ್ಲ."

"ಇದು ಬೈಗುಳವಾ? ಮದುವೆ ಕಾಗದದಲ್ಲಿಯೂ ಇದಕ್ಕಿಂತ ಖಾರ ಇರ್ತದೆ."

ಕೇಳುವವರಿದ್ದರೆ ಬಾಯಿ ಬರುವುದಿಲ್ಲ, ಅದೇ ಅವರ ಕಷ್ಟ. ಹನ್ನೊಂದು ವರ್ಷ ಗಾಜಿನ ಮುಂದೆ ಹುಲಿಯಾದವರು ಈಗ ಹೆಂಡತಿಯ ಉಸಿರು ಕೇಳಿಸಿಕೊಂಡು ಬೆವರುತ್ತಿದ್ದರು. ಕಣ್ಣು ಮುಚ್ಚಿದರು. ಬೇವರ್ಸಿ ಎಂಬಲ್ಲಿಂದ ಮೆಲ್ಲಗೆ ಶುರುಮಾಡಿದರು. ನನ್ನ ಹೆಸರು ತಾರಾ ಅಲ್ಲ, ನಿನ್ನ ಮಂಡೆ. ಗುರುವಾರದ ನಾಲ್ಕು ಗಂಟೆಗೆ ಹುಟ್ಟಿದವನೇ. ನಕ್ಷೆ ಕಳೆದವನು ನೀನು, ಮೀಟಿಂಗಲ್ಲಿ ತಲೆ ತಗ್ಗಿಸಿದವನು ನಾನು; ನಿನ್ನ ತಲೆಯೂ ಒಂದು ದಿನ ಕಳೆದುಹೋಗಲಿ, ಯಾವ ಕಡತದಲ್ಲೂ ಸಿಗದಿರಲಿ. ಒಂದೊಂದಾಗಿ ಬಂದವು, ಆಮೇಲೆ ಒಟ್ಟಿಗೇ ನುಗ್ಗಿದವು. ಧ್ವನಿ ಏರಿತು. ಚೆನ್ನು ಅಳು ನಿಲ್ಲಿಸಿ ಕೇಳತೊಡಗಿದಳು. ಎಲ್ಲೋ ನಡುವೆ ಒಂದು ಸಲ ಅವಳಿಗೆ ನಗು ತಡೆಯಲಾಗದೆ ಮೂಗಿನಿಂದ ಸದ್ದು ಬಂತು. ತಾರಾನಾಥರಿಗೆ ಅದು ಕೇಳಿಸಲಿಲ್ಲ. ಅವರು ಹೆಂಡತಿ ಕೇಳುತ್ತಿದ್ದಾಳೆಂಬುದನ್ನೇ ಮರೆತಿದ್ದರು.

"ನನ್ನ ರಜೆ ಚೀಟಿ ಮೂರು ವಾರ ನಿನ್ನ ಮೇಜಿನ ಮೇಲಿತ್ತಲ್ಲ ಗಿರಿಧರಾ. ನಿನ್ನ ಚಾದ ಲೋಟ ಇಡ್ಲಿಕ್ಕೆ ಅದೇ ಬೇಕಿತ್ತು. ದಿನಾ ಅದರ ಮೇಲೆ ಒಂದೊಂದು ಉರುಟು ಕಲೆ ಆಗುದು ನಾನು ನೋಡ್ತಾ ಇದ್ದೆ. ಒಂದು ರುಜು ಮಾರಾಯ, ಒಂದು ರುಜು. ನನ್ನ ಮಗಳ ನಿಶ್ಚಿತಾರ್ಥ. ನೀನು ಮರ್ತೆ, ನಾನು ಕೇಳ್ಳಿಲ್ಲ. ಅವಳು ಉಂಗುರ ಹಾಕಿಸಿಕೊಳ್ಳುವಾಗ ನಾನು ಪ್ರಿಂಟರಿನ ಕೋಣೆಯಲ್ಲಿ ನಿಂತು ಮೊಬೈಲಲ್ಲಿ ನೋಡಿದೆ. ಭಟ್ಟರ ಬೆನ್ನು ಬಿಟ್ಟರೆ ಎಂತ ಸಹ ಕಾಣ್ಲಿಲ್ಲ."

ಅಲ್ಲಿಗೆ ಮಾತು ನಿಂತಿತು.

ಒಂದೂವರೆ ವರ್ಷದ ಹಿಂದೆ ಈ ಮಾತು ಬಂದಾಗ ತಾರಾನಾಥರು ಹೆಂಡತಿಗೆ ಹೇಳಿದ್ದೇ ಬೇರೆ. ರಜೆಯನ್ನು ಮದುವೆಗೆ ಉಳಿಸಿಕೊಳ್ಳುವ, ನಿಶ್ಚಿತಾರ್ಥಕ್ಕೆ ನಾನು ಯಾಕೆ ಎಂದಿದ್ದರು. ಕೆಳಗಿನ ಹುದ್ದೆಯವನೆಂದು ಹೆಂಡತಿಯ ಮುಂದೆ ಕಾಣುವುದಕ್ಕಿಂತ ಕಲ್ಲುಮನಸ್ಸಿನವನೆಂದು ಕಾಣುವುದು ಅವರಿಗೆ ಸುಲಭವೆನಿಸಿತ್ತು. ಅವತ್ತಿನಿಂದ ಚೆನ್ನು ಶುಕ್ರವಾರದ ಫೋನನ್ನು ಹನ್ನೆರಡು ನಿಮಿಷಕ್ಕೆ ಮುಗಿಸುತ್ತಿದ್ದಳು. ಅವಳು ಮುಗಿಸುತ್ತಿದ್ದಾಳೆಂದು ಇವರಿಗೆ ಈವರೆಗೆ ಹೊಳೆದಿರಲಿಲ್ಲ.

"ಇದನ್ನು ಆ ಗಾಜಿಗೆ ಹೇಳಿದ್ರಿ," ಎಂದಳು ಚೆನ್ನು ಕೊನೆಗೆ. "ನನಗೆ ಹೇಳ್ಳಿಲ್ಲ."

ತಾರಾನಾಥರು ಏನೋ ಹೇಳಲು ಹೋದರು.

"ನೀವು ಬಾಯಿ ಮುಚ್ಚಿ. ಈಗ ಬೈಯುದು ನಾನು."

ಗಿರಿಧರ್‌ನಿಂದಲೇ ಶುರುಮಾಡಿದಳು. ತಾರಾನಾಥರು ಹನ್ನೊಂದು ವರ್ಷದಲ್ಲಿ ಮಾಡಲಾಗದ್ದನ್ನು ಮೂರು ನಿಮಿಷದಲ್ಲಿ ಮಾಡಿದಳು. ಆ ಹೊತ್ತಿಗೆ ಬೆಂಗಳೂರಿನ ಆ ಮನುಷ್ಯನ ಒಂದು ಎಲುಬೂ ಉಳಿದಿರಲಿಲ್ಲ. ತಾರಾನಾಥರಿಗೆ ತಾವು ಇಷ್ಟು ದಿನ ಮಾಡಿದ್ದು ಬರಿಯ ಮಕ್ಕಳಾಟವೆಂದು ತಿಳಿಯಿತು. ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಮದುವೆಯಾದ ವರ್ಷದಿಂದ ಹಿಡಿದು ವರ್ಷಕ್ರಮದಲ್ಲಿ, ಒಂದನ್ನೂ ಬಿಡದೆ, ಎಲ್ಲೆಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಿ ತನ್ನನ್ನು ಹೊರಗೆ ನಿಲ್ಲಿಸಿದರೋ ಅದನ್ನೆಲ್ಲ ಎತ್ತಿ ಎತ್ತಿ ಕೇಳಿದಳು. ತಾರಾನಾಥರು ಗಾಜಿಗೆ ಹಣೆ ಒತ್ತಿ ಕೇಳುತ್ತ ನಿಂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇಷ್ಟು ಸುಖವಾಗಿ ಬೈಸಿಕೊಂಡ ನೆನಪು ಅವರಿಗೆ ಇರಲಿಲ್ಲ.

ಹೊರಗೆ ಶರ್ಮಿಳಾ ಅಕ್ಷಿತನನ್ನು ಬಾಗಿಲಿಗೆ ಕರೆದು ತೋರಿಸಿದಳು. "ನೋಡಿ, ಹೆಂಡತಿ ಮಾತಾಡುವಾಗ ತಾರಾನಾಥಣ್ಣ ಹೇಗೆ ಬಾಯಿ ಬಿಡದೆ ಕೇಳ್ತಾರೆ."

ಆರು ಗಂಟೆ ದಾಟಿತು, ಆರೂಕಾಲೂ ದಾಟಿತು. ಚೆನ್ನುವಿನ ಗಂಟಲು ಒಣಗಿತು. ಒಂದು ಲೋಟ ನೀರು ಕುಡಿದ ಸದ್ದು ಕೇಳಿಸಿತು.

"ಇವತ್ತಿಗೆ ಅನಿಶಾ ಹುಟ್ಟಿದ ವರ್ಷದವರೆಗೆ ಆಯ್ತು," ಎಂದಳು. "ನಾಳೆ ಐದೂವರೆಗೆ ನಾನೇ ಫೋನು ಮಾಡ್ತೇನೆ. ಆ ಗಿರಿಧರನಿಗೆ ಬೇರೆ ಟೈಮು ನೋಡಿಕೊಳ್ಳಿ."